ಎಂಟನೇ ಗ್ರೇಡ್ ಮಕ್ಕಳ ಪೋಷಕರಿಗೆ: ವೃತ್ತಿ ಪ್ರೌಢಶಾಲೆಯ ಅಂಕಿಅಂಶ ಓದುವ ಬಗೆ

ನಮಸ್ಕಾರ. ನ್ಯೂಯಾರ್ಕ್ ನಗರದ ವೃತ್ತಿ ಶಿಕ್ಷಣ ಪ್ರೌಢಶಾಲೆಗಳನ್ನು ನೋಡುತ್ತಿರುವವರು ಪದವಿ ಪ್ರಮಾಣ, ಅಂದರೆ ಪ್ರೌಢಶಾಲೆ ಮುಗಿಸಿದವರ ಶೇಕಡಾವಾರು, ಒಂದನ್ನೇ ನಂಬಬೇಡಿ. ಆ ಲೆಕ್ಕ ಶುರುವಾಗುವುದು ಒಂಬತ್ತನೇ ಗ್ರೇಡಿಗೆ ಸೇರಿದ ವರ್ಷದಿಂದ, ನಾಲ್ಕು ವರ್ಷಕ್ಕೆ. ದಾಖಲೆ ಸಮೇತ ಬೇರೆ ಶಾಲೆಗೆ ಹೋದವರನ್ನು ಲೆಕ್ಕದಿಂದ ತೆಗೆಯುತ್ತಾರೆ, ಓದು ಬಿಟ್ಟವರು ಉಳಿಯುತ್ತಾರೆ. ಹಾಗಾಗಿ ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು, ಹನ್ನೆರಡರಲ್ಲಿ ಎಷ್ಟು ಉಳಿದರು ಎಂದು ಶಾಲೆಯನ್ನೇ ಕೇಳಿ.

ಬಡತನದ ಅಂಕಿಯಲ್ಲಿ ಬಹಳ ಜನ ಎಡವುತ್ತಾರೆ. 2017ರಿಂದ ನಗರದ ಸರ್ಕಾರಿ ಶಾಲೆಗಳಲ್ಲಿ ಊಟ ಎಲ್ಲರಿಗೂ ಉಚಿತ. ಊಟದ ಸಂಖ್ಯೆ ನೋಡಿ ಕುಟುಂಬಗಳ ಸ್ಥಿತಿ ಅಳೆಯಲಾಗದು. ಶಾಲೆಯ ಮಕ್ಕಳಲ್ಲಿ ಬಡತನ ಎಷ್ಟಿದೆ ಎಂದು ಅಂದಾಜಿಸುವ ಆರ್ಥಿಕ ಅಗತ್ಯ ಸೂಚ್ಯಂಕ ನೋಡಿ, ಅದು ಹತ್ತಿರ ಹತ್ತಿರ ಇರುವ ಶಾಲೆಗಳನ್ನೇ ಹೋಲಿಸಿ. ಇಂಗ್ಲಿಷ್ ಕಲಿಯುತ್ತಿರುವವರು, ವಿಶೇಷ ಶಿಕ್ಷಣದ ಮಕ್ಕಳು ಎಷ್ಟಿದ್ದಾರೆ ಎಂಬುದನ್ನೂ ಜೊತೆಗಿಟ್ಟುಕೊಳ್ಳಿ. ಇಲ್ಲದಿದ್ದರೆ ಕಷ್ಟದ ಮಕ್ಕಳನ್ನು ಸೇರಿಸಿಕೊಂಡು ದುಡಿಯುವ ಶಾಲೆಗೇ ಅನ್ಯಾಯವಾಗುತ್ತದೆ.

ಆಟೋಮೋಟಿವ್, ವಿಮಾನ ದುರಸ್ತಿಯಂಥ ವಿಭಾಗಗಳಲ್ಲಿ ಹುಡುಗಿಯರು ಕಡಿಮೆ. ತಂಡದಲ್ಲಿ 12 ಹುಡುಗಿಯರಿದ್ದರೆ ಒಬ್ಬಳ ಫಲಿತಾಂಶದಿಂದಲೇ ಶೇ. 8ಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಒಂದು ವರ್ಷದ ಅಂಕಿ ಸಾಲದು, ಮೂರು ವರ್ಷದ್ದು ಕೂಡಿಸಿ ನೋಡಿ.

ಹಾಜರಿಯನ್ನು ಮರೆಯಬೇಡಿ. ಶೇ. 10 ಅಥವಾ ಹೆಚ್ಚು ದಿನ, ಅಂದರೆ 180ರಲ್ಲಿ 18 ದಿನ ತಪ್ಪಿದರೆ ದೀರ್ಘಕಾಲಿಕ ಗೈರು. ವರ್ಕ್‌ಶಾಪ್ ತಪ್ಪಿದ್ದನ್ನು ಮನೆಯಲ್ಲಿ ಓದಿ ತುಂಬಿಸಲಾಗದು.

ಕೊನೆಗೆ ಇದನ್ನು ಖಂಡಿತ ಕೇಳಿ: ವೃತ್ತಿ ಪ್ರಮಾಣಪತ್ರದ ಪರೀಕ್ಷೆಗೆ ಎಷ್ಟು ಮಂದಿ ಕೂತರು? ತೇರ್ಗಡೆ ಶೇ. 90 ಎಂದರೂ ಕೂತವರು ಹತ್ತೇ ಜನ ಇರಬಹುದು.