ತಡೆಯುವ ನರಕೋಶಗಳ ಬಗ್ಗೆಯೂ ಬರೆಯಿಸಿ

ಮಾನ್ಯ ಸಂಪಾದಕರೇ,

ನೆನಪಿನ ಶಕ್ತಿ ಕುರಿತು ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ನಮ್ಮ ಕಾಲೇಜಿನ ವಾಚನಾಲಯದಲ್ಲಿ ವಿದ್ಯಾರ್ಥಿಗಳು ಆಸಕ್ತಿಯಿಂದ ಓದಿದರು. ಹೊಸ ನೆನಪುಗಳು ಮೂಡಲು ಮಿದುಳಿನ ಹಿಪ್ಪೊಕ್ಯಾಂಪಸ್ ಎಷ್ಟು ಅಗತ್ಯ ಎಂಬುದನ್ನು ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಅಲ್ಲಿ ಇತರ ಕೋಶಗಳನ್ನು ಉದ್ರೇಕಿಸುವ ಪ್ರಚೋದಕ ನರಕೋಶಗಳದ್ದೇ ಮಾತು. ಅವುಗಳನ್ನು ತಡೆಯುವ ಪ್ರತಿಬಂಧಕ ನರಕೋಶಗಳಿಗೆ ಸಿಕ್ಕಿದ್ದು ಒಂದೇ ವಾಕ್ಯ. ಪ್ರಥಮ ಪಿಯುಸಿ ಪಠ್ಯವೂ ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ ಉಂಟಾಗುವ ವಿದ್ಯುತ್ ವಿಭವ ಪ್ರಚೋದಕವೋ ಪ್ರತಿಬಂಧಕವೋ ಆಗಿರಬಹುದು ಎಂದಷ್ಟೇ ಹೇಳಿ ಮುಂದೆ ಸಾಗುತ್ತದೆ. ಆದ್ದರಿಂದ ಲೇಖಕರೊಬ್ಬರನ್ನೇ ದೂರುವಂತಿಲ್ಲ.

ಇಲಿಗಳ ಹಿಪ್ಪೊಕ್ಯಾಂಪಸ್‌ನ ಸಿಎ1 ಭಾಗದಲ್ಲಿ ಪ್ರತಿಬಂಧಕ ಕೋಶಗಳ ಪಾಲು ಶೇ 10ರ ಆಸುಪಾಸಿನಲ್ಲಿದೆ. ಆದರೂ ಅವುಗಳಲ್ಲಿ 20ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಎಲ್ಲವೂ ಹೊರಸೂಸುವುದು ಮುಖ್ಯವಾಗಿ ಗಾಬಾ ಎಂಬ ಒಂದೇ ರಾಸಾಯನಿಕವನ್ನು. ಅದು ಎದುರಿನ ಕೋಶದ ಕ್ಲೋರೈಡ್ ದ್ವಾರಗಳನ್ನು ತೆರೆದು ಆ ಕೋಶದ ಉದ್ರೇಕವನ್ನು ತಗ್ಗಿಸುತ್ತದೆ. ಹಾಗಿದ್ದರೆ ಇಷ್ಟೊಂದು ಬಗೆ ಏಕೆ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅವು ಎದುರಿನ ಕೋಶದ ಯಾವ ಜಾಗಕ್ಕೆ ಬಂದು ಸೇರುತ್ತವೆ ಎಂಬುದರಲ್ಲಿದೆ.

ನರವಿಜ್ಞಾನಿಗಳಾದ ಪರ್ ಆಂಡರ್ಸನ್, ಜಾನ್ ಎಕ್ಲಿಸ್ ಮತ್ತು ಅವರ ಸಹೋದ್ಯೋಗಿ 1963ರಲ್ಲಿ ಪ್ರತಿಬಂಧಕವೆಂದು ಗುರುತಿಸಿದ ಬಾಸ್ಕೆಟ್ ಕೋಶ, ಅಲ್ಲಿನ ಮುಖ್ಯ ಪ್ರಚೋದಕ ಕೋಶವಾದ ಪಿರಮಿಡ್ ಕೋಶದ ಕಾಯವನ್ನೇ ಸುತ್ತುವರಿಯುತ್ತದೆ. ಇಂತಹ ಒಂದೇ ಕೋಶದ ಆಕ್ಸಾನ್, ಅಂದರೆ ಸಂದೇಶ ಒಯ್ಯುವ ತಂತು, ಸಾವಿರಕ್ಕೂ ಹೆಚ್ಚು ಪಿರಮಿಡ್ ಕೋಶಗಳನ್ನು ಮುಟ್ಟುವುದರಿಂದ, ಅದು ಅವೆಲ್ಲವನ್ನೂ ಏಕಕಾಲಕ್ಕೆ ತಡೆದು, ತಡೆ ಸಡಿಲವಾದಾಗ ಅವು ಜೊತೆಜೊತೆಯಾಗಿ ಮಿಡಿಯುವಂತೆ ಮಾಡಬಲ್ಲದು. ಗಾಮಾ ಎಂಬ ಮಿದುಳಿನ ವೇಗದ ವಿದ್ಯುತ್ ಲಯ ಹುಟ್ಟುವುದರಲ್ಲಿ ಈ ಕೋಶಗಳ ಪಾತ್ರ ದೊಡ್ಡದು. ಶಾಂಡಲಿಯರ್ ಎಂಬ ಕೋಶ ಪಿರಮಿಡ್ ಕೋಶದ ಆಕ್ಸಾನ್‌ನ ಬುಡಕ್ಕೆ, ಅಂದರೆ ಸಂದೇಶ ಹೊರಡುವ ಜಾಗಕ್ಕೇ ಸೇರುತ್ತದೆ. ಓ-ಎಲ್‌ಎಂ ಎಂಬ ಇನ್ನೊಂದು ಕೋಶ ಮಾತ್ರ ಸಂದೇಶ ಪಡೆಯುವ ಕವಲುಗಳಾದ ಡೆಂಡ್ರೈಟ್‌ಗಳ ದೂರದ ತುದಿಗಳಿಗೆ ಹೋಗಿ, ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಮಿದುಳಿನ ಭಾಗದಿಂದ ಬರುವ ಸಂದೇಶಗಳನ್ನು ಅಲ್ಲಿಯೇ ಕುಗ್ಗಿಸುತ್ತದೆ. ಕೋಲಾರದ ಕೆರೆಗಳನ್ನು ಬಲ್ಲವರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ: ಕೆರೆಗೆ ನೀರು ತರುವ ಒಂದು ಕಾಲುವೆಗೆ ಅಡ್ಡ ಕಟ್ಟಿದರೆ ಉಳಿದ ಕಾಲುವೆಗಳ ನೀರು ಬರುತ್ತಲೇ ಇರುತ್ತದೆ, ನೀರಗಂಟಿ ತೂಬನ್ನೇ ಮುಚ್ಚಿದರೆ ಕೆರೆ ತುಂಬಿದ್ದರೂ ಗದ್ದೆಗೆ ಹನಿ ನೀರೂ ಹೋಗದು. ಇವೆಲ್ಲಕ್ಕಿಂತ ನನಗೆ ಸೋಜಿಗವೆನಿಸುವುದು ಇತರ ಪ್ರತಿಬಂಧಕ ಕೋಶಗಳನ್ನೇ ಹುಡುಕಿ ತಡೆಯುವ, ವಿಐಪಿ ಎಂಬ ಪೆಪ್ಟೈಡ್‌ನಿಂದ ಹೆಸರು ಪಡೆದ ಕೆಲವು ಕೋಶಗಳು. ಇವು ಚುರುಕಾದಾಗ ಪಿರಮಿಡ್ ಕೋಶದ ಮೇಲಿನ ಹಿಡಿತ ಸಡಿಲವಾಗುತ್ತದೆ. ತಡೆಯ ಮೇಲಿನ ತಡೆಯಿಂದ ಪ್ರಚೋದನೆಗೆ ದಾರಿಯಾಗುವ ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಇದು ಪ್ರಯೋಗಾಲಯಕ್ಕಷ್ಟೇ ಸೇರಿದ ವಿಷಯವೆಂದು ತಳ್ಳಿಹಾಕುವಂತಿಲ್ಲ; ಈ ತಡೆ ಸಾಲದೆ ಮಿದುಳಿನ ಕೋಶಗಳು ಅತಿಯಾಗಿ ಮಿಡಿದರೆ ಫಿಟ್ಸ್ ಬರಬಹುದು. ನಮ್ಮ ಕಡೆ ಬಸ್ ನಿಲ್ದಾಣದಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಇಂದಿಗೂ ಜನ ಮೊದಲು ಹುಡುಕುವುದು ಕಬ್ಬಿಣದ ಬೀಗದ ಕೈಯನ್ನು. ಬಿಗಿದ ಮುಷ್ಟಿಯನ್ನು ಬಲವಂತವಾಗಿ ಬಿಡಿಸಿ ಅದನ್ನು ಒಳಗಿಡುತ್ತಾರೆ. ಸಾಮಾನ್ಯವಾಗಿ ಫಿಟ್ಸ್ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುವುದರಿಂದ ಬೀಗದ ಕೈಗೆ ಆ ಕೀರ್ತಿ ಸಲ್ಲುತ್ತದೆ. 5 ನಿಮಿಷ ದಾಟಿದರೂ ನಿಲ್ಲದಿದ್ದಾಗ ವೈದ್ಯರು ಕೊಡುವ ಮಿಡಜೋಲಾಮ್, ಲೋರಜೆಪಾಮ್‌ನಂತಹ ಔಷಧಿಗಳು ಕೆಲಸ ಮಾಡುವುದು ಮೇಲೆ ಹೇಳಿದ ಗಾಬಾ ಬಂದು ಸೇರುವ ಗ್ರಾಹಕಗಳ ಮೇಲೆಯೇ; ಅವು ಗಾಬಾದ ತಡೆಯನ್ನು ಬಲಪಡಿಸುತ್ತವೆ.

ಡ್ರಾವೆ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯ ಉದಾಹರಣೆಯನ್ನೂ ಇಲ್ಲಿ ಹೇಳಬೇಕು. ಮಗುವಿಗೆ ವರ್ಷ ತುಂಬುವ ಮೊದಲೇ, ಹಲವು ಸಲ ಜ್ವರದ ಜೊತೆಗೆ ಆರಂಭವಾಗುವ ಈ ಅಪಸ್ಮಾರದಲ್ಲಿ, ಬಹುಪಾಲು ಮಕ್ಕಳಿಗೆ ನರಕೋಶದ ಸೋಡಿಯಂ ದ್ವಾರವನ್ನು ರೂಪಿಸುವ ಎಸ್‌ಸಿಎನ್1ಎ ಜೀನ್‌ನಲ್ಲಿ ದೋಷವಿದ್ದು, ಅದರಿಂದ ಹೆಚ್ಚು ಸೊರಗುವುದು ಪ್ರತಿಬಂಧಕ ನರಕೋಶಗಳು. ಹೀಗಾಗಿ ಸೋಡಿಯಂ ದ್ವಾರಗಳನ್ನು ತಡೆದು ಅನೇಕ ರೋಗಿಗಳಲ್ಲಿ ಫಿಟ್ಸ್ ನಿಯಂತ್ರಿಸುವ ಕಾರ್ಬಮಜೆಪಿನ್ ಮಾತ್ರೆ, ಈ ಮಕ್ಕಳಲ್ಲಿ ಫಿಟ್ಸ್ ಅನ್ನು ಹೆಚ್ಚಿಸಬಹುದು. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ತಂದು ಕೊಡುವ ನಮ್ಮ ಅಭ್ಯಾಸದ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ.

ನವೆಂಬರ್ 17ರ ರಾಷ್ಟ್ರೀಯ ಅಪಸ್ಮಾರ ದಿನದ ಸಂದರ್ಭದಲ್ಲಿ ನಿಮ್ಹಾನ್ಸ್‌ನ ನರವಿಜ್ಞಾನಿಗಳಿಂದ ಪ್ರತಿಬಂಧಕ ನರಕೋಶಗಳ ಕುರಿತು ಲೇಖನವೊಂದನ್ನು ಬರೆಯಿಸಿ, ಯಾವ ಕೋಶ ಎಲ್ಲಿಗೆ ಸೇರುತ್ತದೆ ಎಂಬುದನ್ನು ತೋರಿಸುವ ಚಿತ್ರವನ್ನೂ ಜೊತೆಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ಜೀವಶಾಸ್ತ್ರ ಉಪನ್ಯಾಸಕ, ಕೋಲಾರ