ಹಿನ್ನೆಲೆ ಸಂಗೀತಕ್ಕೂ ನಾಲ್ಕು ಸಾಲು ಕೊಡಿ

ಮಾನ್ಯ ಸಂಪಾದಕರೇ,

ಜಪಾನಿನ ಆನಿಮೇಷನ್ ಚಿತ್ರಗಳ ಕುರಿತು ಸಿನಿಮಾ ಪುರವಣಿಯಲ್ಲಿ ಬಂದ ಬರಹವನ್ನು ಆಸೆಯಿಂದ ಓದಿದೆ. 1988ರ ‘ಅಕಿರಾ’ ಚಿತ್ರದ ಪ್ರಸ್ತಾಪವೂ ಅದರಲ್ಲಿತ್ತು. ನಿರ್ದೇಶಕ ಕತ್ಸುಹಿರೊ ಒಟೊಮೊ, ಕೆಂಪು ಬೈಕು, ಸ್ಫೋಟದಲ್ಲಿ ನೆಲಸಮವಾದ ಟೋಕಿಯೊ ಎಲ್ಲವೂ ಬಂದಿವೆ. ಸಂಗೀತದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅರಸೀಕೆರೆ ಸುತ್ತಮುತ್ತ ಮದುವೆ, ಜಾತ್ರೆ, ನಾಟಕಗಳಿಗೆ ಮೈಕ್ ಸೆಟ್ ಹಾಕುವುದು ನನ್ನ ಕಸುಬು. ಆ ಸಂಗೀತವನ್ನು ಚಿತ್ರ ನೋಡುವ ಮೊದಲೇ ಕೇಳಿದವನು ನಾನು. ಈಗಲೂ ಚಿತ್ರದ ಹಂಗಿಲ್ಲದೆ ಕೇಳುತ್ತೇನೆ. ಸುಮ್ಮನಿರಲು ಮನಸ್ಸಾಗಲಿಲ್ಲ.

ಕಥೆ ನಡೆಯುವುದು 2019ರಲ್ಲಿ. ಚಿತ್ರ ತೆರೆಕಂಡಾಗ ಅದು ಮೂರು ದಶಕ ಮುಂದಿನ ಕಾಲ. ಭವಿಷ್ಯದ ನಗರವೆಂದರೆ ಕಬ್ಬಿಣ, ಯಂತ್ರ, ವಿದ್ಯುತ್ತಿನ ಸದ್ದೇ ಇರಬೇಕೆಂದು ನಮ್ಮ ಕಿವಿ ಕಾದಿರುತ್ತದೆ. ಇಲ್ಲಿ ಮುಂದೆ ನಿಲ್ಲುವುದು ಬಿದಿರು. ಇಂಡೊನೇಷ್ಯದ ಬಾಲಿ ದ್ವೀಪದ ಪಶ್ಚಿಮಕ್ಕಿರುವ ಜೆಂಬ್ರಾನ ಜಿಲ್ಲೆಯವರು ಭಾರಿ ಗಾತ್ರದ ಬಿದಿರಿನ ಅಂಡೆಗಳನ್ನು ಸಾಲಾಗಿ ಜೋಡಿಸಿ ಬಡಿಯುತ್ತಾರೆ. ಆ ವಾದ್ಯಕ್ಕೆ ಜೆಗೊಗ್ ಎಂದು ಹೆಸರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಅದರ ಮೇಲೆಯೇ ಹತ್ತಿ ಕುಳಿತು ನುಡಿಸಬೇಕು. ‘ಕನೆಡಾ’ ಎಂಬ ಮೊದಲ ಭಾಗದಲ್ಲಿ ಈ ಬಿದಿರಿನ ಬಡಿತದ ನಡುವೆ ಜನ ‘ರಸ್ಸೆರಾ, ರಸ್ಸೆರಾ’ ಎಂದು ಕೂಗುತ್ತಾರೆ. ಉತ್ತರ ಜಪಾನಿನ ಅಒಮೊರಿಯಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ನೆಬುತ ಹಬ್ಬದ ಕೂಗು ಅದು. ಒಳಗೆ ದೀಪವಿಟ್ಟ ದೈತ್ಯ ಕಾಗದದ ಮೂರ್ತಿಗಳನ್ನು ಬೀದಿಯಲ್ಲಿ ಎಳೆಯುವಾಗ ಕುಣಿಯುವವರು ಹಾಗೆ ಕೂಗುತ್ತಾರೆ. ಬೈಕ್ ಓಡಿಸುವ ಪುಂಡು ಹುಡುಗರಿಗೆ ಗಿಟಾರ್ ಕೊಡದೆ ಹಬ್ಬದ ಕೂಗು ಕೊಟ್ಟಿದ್ದಾರಲ್ಲ, ಆ ಧೈರ್ಯಕ್ಕೆ ನಾನು ಮಾರುಹೋದೆ.

ಇದನ್ನು ಮಾಡಿದವರು ಗೇನೋ ಯಮಾಶಿರೊಗುಮಿ ಎಂಬ ತಂಡದವರು. 1974ರಲ್ಲಿ ಕಟ್ಟಿದ ತಂಡ. ಅದರಲ್ಲಿದ್ದವರು ಸಂಗೀತದಿಂದಲೇ ಹೊಟ್ಟೆ ಹೊರೆಯುವವರಲ್ಲ. ವೈದ್ಯರು, ಎಂಜಿನಿಯರುಗಳು, ಪತ್ರಕರ್ತರು, ವಿದ್ಯಾರ್ಥಿಗಳು ಹೀಗೆ ನೂರಾರು ಮಂದಿ. ಮುಖ್ಯಸ್ಥರಾದ ಶೋಜಿ ಯಮಾಶಿರೊ ಕೂಡ ವಿಜ್ಞಾನಿ, ಅವರ ನಿಜನಾಮ ತ್ಸುತೊಮು ಓಹಾಶಿ. ನಾನು ಭಜನಾ ಮಂಡಳಿಗಳಿಗೂ ಡೊಳ್ಳಿನ ತಂಡಗಳಿಗೂ ಮೈಕ್ ಇಡುವವನು. ಕಸುಬುದಾರ ಗಾಯಕರ ದನಿ ಒಂದೇ ನಯದಲ್ಲಿ ಬರುತ್ತದೆ. ದಿನದ ಕೆಲಸ ಮುಗಿಸಿ ಬಂದು ಒಟ್ಟಾಗಿ ಹಾಡುವವರಲ್ಲಿ ಒಬ್ಬೊಬ್ಬರ ಗಂಟಲೂ ಬೇರೆಯಾಗಿ ಕೇಳಿಸುತ್ತದೆ, ಉಸಿರೆಳೆಯುವುದೂ ಕೇಳಿಸುತ್ತದೆ. ಈ ಧ್ವನಿಮುದ್ರಣದಲ್ಲಿ ಆ ಉಸಿರನ್ನು ಮುಚ್ಚಿಟ್ಟಿಲ್ಲ. ಬೈಕ್ ಕಾಳಗದ ಭಾಗದಲ್ಲಿ ಏದುಸಿರೇ ತಾಳವಾಗುತ್ತದೆ. ‘ಶೋಮ್ಯೋ’ ಭಾಗ ಬೌದ್ಧ ಸನ್ಯಾಸಿಗಳ ಮಂತ್ರಪಠಣದ ಧಾಟಿಯದು. ‘ಇಲ್ಯೂಷನ್’ನಲ್ಲಿ ಜಪಾನಿನ ಹಳೆಯ ರಂಗಕಲೆಯಾದ ‘ನೋ’ ನಾಟಕದ ಎಳೆದೆಳೆದು ಹೇಳುವ ದನಿಯಿದೆ. ಕೊನೆಯ ‘ರಿಕ್ವಿಯಮ್’ ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ಬಿದಿರು ಕೇಳಿದ ಕಿವಿಗೆ ಅಲ್ಲಿನ ಆರ್ಗನ್ ಭಾರವಾಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಬಾಲಿಯ ಗಾಮೆಲಾನ್ ಎಂಬ, ಬಡಿದು ನುಡಿಸುವ ವಾದ್ಯಮೇಳದ ಶ್ರುತಿ ಪಿಯಾನೊ ಕೀಲಿಗಳ ಲೆಕ್ಕಕ್ಕೆ ಸಿಗುವುದಿಲ್ಲ. ಜೋಡಿ ವಾದ್ಯಗಳನ್ನು ಬೇಕೆಂದೇ ಕೂದಲೆಳೆಯಷ್ಟು ಹೆಚ್ಚುಕಡಿಮೆ ಶ್ರುತಿ ಮಾಡುತ್ತಾರೆ. ಎರಡನ್ನೂ ಒಟ್ಟಿಗೆ ಬಡಿದಾಗ ನಾದ ಅಲೆಅಲೆಯಾಗಿ ಮಿಡಿಯುತ್ತದೆ. ನಮ್ಮ ಹಾರ್ಮೋನಿಯಂನಲ್ಲಿ ಗಮಕ ಹಿಡಿಯಲಾಗದೆ ಗಾಯಕರು ಒದ್ದಾಡುವುದನ್ನು ಕಂಡವರಿಗೆ ಈ ತೊಡಕು ಅರ್ಥವಾಗುತ್ತದೆ. ವಿದ್ಯುತ್ತಿನಿಂದ ನಾದ ಹುಟ್ಟಿಸುವ ಆ ಕಾಲದ ಸಿಂಥಸೈಜರ್ ಯಂತ್ರಗಳಿಗೂ ಆ ಶ್ರುತಿ ಒಗ್ಗುತ್ತಿರಲಿಲ್ಲ. ತಂಡದವರು ತಾವೇ ಪ್ರೋಗ್ರಾಮಿಂಗ್ ಕಲಿತು ಯಂತ್ರವನ್ನು ಆ ಶ್ರುತಿಗೆ ಬಗ್ಗಿಸಿದರು. ಹಾಗೆ ತಯಾರಾದದ್ದು 1986ರ ‘ಎಕೊಫೊನಿ ರಿನ್ನೆ’ ಎಂಬ ಧ್ವನಿಸುರುಳಿ. ಅದನ್ನು ಕೇಳಿಯೇ ಒಟೊಮೊ ಈ ತಂಡವನ್ನು ಹುಡುಕಿಕೊಂಡು ಬಂದದ್ದು. ಯಂತ್ರಕ್ಕೆ ತಕ್ಕಂತೆ ಹಳೆಯ ನಾದವನ್ನು ಕತ್ತರಿಸುವುದು ಸುಲಭವಾಗಿತ್ತು. ಅವರು ಆ ಸುಲಭದ ದಾರಿ ಹಿಡಿಯಲಿಲ್ಲ.

ನಾನಿದನ್ನು ಕೇಳುವುದು ನಮ್ಮ ಗೋದಾಮಿನಲ್ಲಿ. ಹೊಸ ಬಾಕ್ಸ್ ಕಟ್ಟಿದಾಗಲೆಲ್ಲ ‘ಕನೆಡಾ’ ಹಾಕಿ ಪರೀಕ್ಷಿಸುತ್ತೇನೆ. ದೊಡ್ಡ ಬಿದಿರಿನ ಏಟು ಬಿದ್ದಾಗ ಹದಿನೈದು ಇಂಚಿನ ಸ್ಪೀಕರಿನ ಕಾಗದದ ಕೋನ್ ಮುಂದಕ್ಕೆ ನುಗ್ಗಿ ಹಿಂದಕ್ಕೆ ಬರುವುದು ಕಣ್ಣಿಗೇ ಕಾಣುತ್ತದೆ. ಬಾಕ್ಸ್‌ನ ಹಲಗೆ ಎಲ್ಲಿಯಾದರೂ ಸಡಿಲವಾಗಿದ್ದರೆ ಅಲ್ಲಿಂದ ಕಿರಿಕಿರಿ ಎನ್ನುತ್ತದೆ. ಈಗ ಬಹುತೇಕ ಯುವಕರು ಇದನ್ನು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳುತ್ತಾರೆ. ಅದರಲ್ಲಿ ತಗ್ಗಿನ ನಾದ ಬರುವುದೇ ಇಲ್ಲ. ಬಿದಿರನ್ನು ಬಡಿದ ಟಕಟಕ ಮಾತ್ರ ಉಳಿದು ಅದರ ಹೊಟ್ಟೆಯ ಗುಂಯ್ ಎಂಬ ದನಿ ಕಳೆದುಹೋಗುತ್ತದೆ. ಒಂದು ಒಳ್ಳೆಯ ಹೆಡ್‌ಫೋನ್ ಸಾಕು, ದಯವಿಟ್ಟು ಅದರಲ್ಲಿ ಕೇಳಿ.

ಮನುಷ್ಯರ ಕಿವಿಗೆ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಸದ್ದಷ್ಟೇ ಕೇಳುತ್ತದೆ. ಅದಕ್ಕೂ ಮೇಲಿನ, ಕೇಳಿಸದ ನಾದವೂ ಮಿದುಳನ್ನು ತಟ್ಟುತ್ತದೆ ಎಂದು ಓಹಾಶಿ ಮತ್ತು ಸಂಗಡಿಗರು 2000ದಲ್ಲಿ ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಇದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ವಾದ ಏನೇ ಇರಲಿ, ಕೇಳುಗರಿಗಾಗಿ ಇಷ್ಟು ದೂರ ಯೋಚಿಸಿದ ಸಂಗೀತ ನಿರ್ದೇಶಕರು ಅಪರೂಪ.

ಸಂಪಾದಕರಲ್ಲಿ ನನ್ನ ಕೋರಿಕೆ ಚಿಕ್ಕದು. ಹಾಡುಗಳಿಲ್ಲದ ಚಿತ್ರದ ಬಗ್ಗೆ ಬರೆಸುವಾಗಲೂ ಸಂಗೀತ ಮಾಡಿದವರ ಹೆಸರು ಹಾಕಿಸಿ, ಯಾವ ವಾದ್ಯ ಬಳಸಿದ್ದಾರೆ ಎಂದು ಬರೆಸಿ. ನಮ್ಮ ಕನ್ನಡ ಚಿತ್ರಗಳ ವಿಮರ್ಶೆಗೂ ಇದೇ ಮಾತು. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂಬಲ್ಲಿಗೆ ವಿಮರ್ಶೆ ನಿಂತುಬಿಡುತ್ತದೆ. ಹಿನ್ನೆಲೆಯಲ್ಲಿ ತಮಟೆ ಬಡಿದವರು, ಕೊಳಲು ಊದಿದವರು ಯಾರೆಂದು ಓದುಗರಿಗೆ ತಿಳಿಯುವುದೇ ಇಲ್ಲ. ಪುರವಣಿಯಲ್ಲಿ ತಿಂಗಳಿಗೊಮ್ಮೆ ಹಿನ್ನೆಲೆ ಸಂಗೀತಕ್ಕೆಂದೇ ಅರ್ಧ ಪುಟ ಮೀಸಲಿಟ್ಟರೆ ನನ್ನಂಥ ಓದುಗರು ಖಂಡಿತ ಓದುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೈಕ್ ಸೆಟ್ ಮಾಲೀಕ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ