ಕೌಂಟರ್ ಇಲ್ಲದ ಪಬ್ಬು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಹೋಟೆಲಿನ ಹಳೇ ಗೋಡೆ ಒಡೆಸಿ, ಅಡುಗೆಮನೆ ಕಿಂಡಿ ತೆಗೆಸಿ, ಗ್ರಾನೈಟ್ ಕೌಂಟರ್ ಹಾಕಿಸೋಣ ಅಂತ ಮಗ ಹಟ ಹಿಡಿದಿದ್ದಾನೆ, ನೀನೇನಂತೀಯ ಅಂತ ಕೇಳಿದ್ದೀಯ. ಹೋಟೆಲ್ ನಡೆಸುವವನು ನೀನು. ನಾನು ಬರೀ ಬನ್ಸ್ ತಿಂದು ಲೆಕ್ಕದ ಪುಸ್ತಕದಲ್ಲಿ ಬರೆಸಿದವನು. ನನ್ನ ಮಾತಿಗೆ ಎಷ್ಟು ಬೆಲೆ ಮಾರಾಯ? ಆದರೆ ಕಳೆದ ಭಾನುವಾರ ಒಂದು ಕಡೆ ಸಾಲಿನಲ್ಲಿ ನಿಂತಿದ್ದಾಗ ನಿನ್ನ ಕಿಂಡಿಯೇ ಕಣ್ಣ ಮುಂದೆ ಬಂತು. ಅದನ್ನು ಹೇಳಿಬಿಡುತ್ತೇನೆ.

ಮಗಳ ಮನೆ ಇರುವುದು ಬೋರ್ನ್‌ಮತ್‌ನಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿ. ಅಲ್ಲಿಂದ ಹೊರಟು ಕಾರನ್ನೇ ಒಂದು ದೋಣಿಗೆ ಹತ್ತಿಸಿದೆವು. ಆ ದೋಣಿ ನೀರಿನೊಳಗಿನ ಸರಪಳಿ ಹಿಡಿದುಕೊಂಡು ದಾಟುತ್ತದೆ! ಆಚೆ ದಡದಲ್ಲಿ ಪರ್ಬೆಕ್ ಅನ್ನುವ ಸೀಮೆ. ಎಲ್ಲಿ ನೋಡಿದರೂ ಕಲ್ಲು. ಮನೆ ಕಲ್ಲು, ಬೇಲಿ ಕಲ್ಲು, ಚಾವಣಿಯ ಹೆಂಚೂ ಕಲ್ಲು. ಅಲ್ಲಿ ವರ್ತ್ ಮ್ಯಾಟ್ರಾವರ್ಸ್ ಅಂತ ಒಂದು ಪುಟ್ಟ ಹಳ್ಳಿ, ಆ ಹಳ್ಳಿಯಲ್ಲಿ ಒಂದು ಪಬ್ಬು. ಹೆಸರು ‘ಸ್ಕ್ವೇರ್ ಅಂಡ್ ಕಂಪಾಸ್’. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೂಲೆಮಟ್ಟ ಮತ್ತು ಕೈವಾರ. ಕಲ್ಲು ಕೆಲಸದವರ ಸಾಮಾನು.

ಪಬ್ ಅಂದ ಕೂಡಲೇ ನಮ್ಮೂರ ಬಾರ್ ನೆನೆಸಿಕೊಂಡು ಮೂಗು ಮುರಿಯಬೇಡ. ಕತ್ತಲೆ ಕೋಣೆ, ಪರದೆ, ಕೆಂಪು ಬಲ್ಬು ಯಾವುದೂ ಇಲ್ಲ. ಅಜ್ಜಿಯರು, ಮಕ್ಕಳು, ನಾಯಿ ಎಲ್ಲರೂ ಬರುತ್ತಾರೆ. ಅಂಗಳದಲ್ಲಿ ಕೋಳಿ ಓಡಾಡುತ್ತವೆ. ಕಲ್ಲಿನ ಬೆಂಚಿನ ಮೇಲೆ ಕೂತರೆ ಎದುರಿಗೆ ಹೊಲ, ಅದರಾಚೆ ಕಡಲು.

ಒಳಗೆ ಹೋದರೆ ಕೌಂಟರೇ ಇಲ್ಲ ಕಣೋ! ಒಂದು ಇಕ್ಕಟ್ಟಾದ ಓಣಿ, ಕಾಲ ಕೆಳಗೆ ಸವೆದ ಕಲ್ಲುಚಪ್ಪಡಿ, ಗೋಡೆಯಲ್ಲಿ ಒಂದು ಕಿಂಡಿ. ಜನ ಅಲ್ಲೇ ಸಾಲು ನಿಲ್ಲುತ್ತಾರೆ. ಒಳಗಿಂದ ಒಬ್ಬರು ಪೀಪಾಯಿಯಿಂದ ಬಿಯರೋ ಸೈಡರೋ ಹಿಡಿದು ಕಿಂಡಿಯಲ್ಲಿ ಕೊಡುತ್ತಾರೆ. ಸೈಡರ್ ಅಂದರೆ ಸೇಬಿನ ರಸ ಹುಳಿಸಿದ್ದು, ಅರ್ಧ ಗ್ಲಾಸಿಗೇ ನನಗೆ ಕಿವಿ ಬಿಸಿಯಾಯಿತು. ತಿನ್ನೋದಕ್ಕೆ ಪ್ಯಾಸ್ಟಿ. ಅದು ನಮ್ಮ ಕರ್ಜಿಕಾಯಿಯ ದೊಡ್ಡಪ್ಪ, ಒಳಗೆ ಹೂರಣದ ಬದಲು ಆಲೂಗಡ್ಡೆ ಗೀಲೂಗಡ್ಡೆ. ಉದ್ದನೆಯ ಮೆನು ಗಿನು ಇಲ್ಲ. ಆದರೂ ಸಾಲು ಬಾಗಿಲ ಹೊರಗಿತ್ತು.

ಮೊದಲು ಇದು ಒಂದಕ್ಕೊಂದು ಅಂಟಿದ ಎರಡು ಮನೆ, 18ನೇ ಶತಮಾನದ್ದು. ಆಮೇಲೆ ಪಬ್ ಆಯಿತು. 1830ರಲ್ಲಿ ಇದನ್ನು ನಡೆಸುತ್ತಿದ್ದವನು ಹಿಂದೆ ಕಲ್ಲು ಕೆತ್ತುತ್ತಿದ್ದವನಂತೆ. ತನ್ನ ಹಳೇ ಕಸುಬಿನ ಸಾಮಾನಿನ ಹೆಸರನ್ನೇ ಇಟ್ಟ. ಅದೇ ವರ್ಷ ಇಂಗ್ಲೆಂಡಿನಲ್ಲಿ ಬಿಯರ್ ಕಾಯಿದೆ ಬಂತು. ತೆರಿಗೆ ಕಟ್ಟುವ ಯಾರೇ ಆದರೂ ಎರಡು ಗಿನಿ ಕೊಟ್ಟು ಪರವಾನಗಿ ತಗೊಂಡು ಮನೆಯಲ್ಲೇ ಬಿಯರ್ ಮಾರಬಹುದು. ಜನ ಜಿನ್ ಅನ್ನುವ ಖಡಕ್ ಮದ್ಯ ಬಿಟ್ಟು ಬಿಯರ್ ಕುಡಿಯಲಿ ಅನ್ನುವುದೂ ಸರ್ಕಾರದ ಒಂದು ಲೆಕ್ಕ. ಕೆಲವೇ ತಿಂಗಳಲ್ಲಿ ಸಾವಿರಾರು ಮನೆಗಳ ನಡುಮನೆ ಪಬ್ ಆಗಿಬಿಟ್ಟಿತು. ನಮ್ಮಲ್ಲಿ ಮನೆಯ ಮುಂದಿನ ಜಗಲಿಯೇ ಹೋಟೆಲ್ ಆಯಿತಲ್ಲ, ನಿಮ್ಮಜ್ಜ ಮಾಡಿದ ಹಾಗೆ.

ಈ ಸೀಮೆಯ ಕಲ್ಲಿಗೂ ಬಿಯರಿಗೂ ಹಳೇ ನಂಟು. ಪರ್ಬೆಕ್ ಮಾರ್ಬಲ್ ಅಂತ ಒಂದು ಕಲ್ಲಿದೆ. ಸಾಲ್ಸ್‌ಬರಿ ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚಿನ ಕಪ್ಪು ಕಂಬಗಳು ಅದರವೇ. ಆ ಕಲ್ಲು ಕೆಲಸದವರದು ಒಂದು ಹಳೇ ಸಂಘ. ವರ್ಷಕ್ಕೊಮ್ಮೆ, ಈಸ್ಟರ್ ಉಪವಾಸದ ಹಿಂದಿನ ದಿನ, ಪಕ್ಕದ ಕೋರ್ಫ್ ಕ್ಯಾಸಲ್ ಊರಿನಲ್ಲಿ ಸೇರುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ 6 ಶಿಲ್ಲಿಂಗ್ 8 ಪೆನ್ಸ್, ಒಂದು ರೊಟ್ಟಿ, ಒಂದು ಪಾತ್ರೆ ಬಿಯರ್ ತಂದು ಒಪ್ಪಿಸಬೇಕು. ನಮ್ಮಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಗುರುವಿನ ಕಾಲಿಗೆ ಬೀಳುವುದಿಲ್ವಾ, ಹಾಗೆ.

ಈಗ ನಡೆಸುವವರ ವಿಷಯಕ್ಕೆ ಬರುತ್ತೇನೆ. ಪಬ್ ನಡೆಸುವವನನ್ನು ಇಲ್ಲಿ ಲ್ಯಾಂಡ್‌ಲಾರ್ಡ್ ಅನ್ನುತ್ತಾರೆ. ಕೇಳಿದರೆ ದೊಡ್ಡ ಜಮೀನ್ದಾರ ಅನ್ನಿಸಬೇಕು. ತಮಾಷೆ ಏನೆಂದರೆ, ಬಹಳ ಕಡೆ ಅವನೇ ಬಾಡಿಗೆದಾರ. ಮೊದಲೆಲ್ಲ ಕಟ್ಟಡ ಬಿಯರ್ ಕಂಪನಿಯದು, ಬಿಯರನ್ನೂ ಅವರ ಹತ್ತಿರವೇ ಕೊಳ್ಳಬೇಕಿತ್ತು. 1989ರಲ್ಲಿ ಸರ್ಕಾರ ಇದಕ್ಕೆ ಕತ್ತರಿ ಹಾಕಲು ಹೋಯಿತು. 2000ಕ್ಕಿಂತ ಜಾಸ್ತಿ ಪಬ್ ಇದ್ದ ಕಂಪನಿಗಳ ಹಿಡಿತ ಸಡಿಲಿಸಿತು. ಆದದ್ದೇನು? ಬಿಯರ್ ಕಂಪನಿ ಹೋಗಿ ಪಬ್ಬುಗಳನ್ನೇ ಕೊಳ್ಳುವ ದೊಡ್ಡ ಕಂಪನಿಗಳು ಬಂದವು. ಬಾಡಿಗೆ ಏರಿತು, ಲ್ಯಾಂಡ್‌ಲಾರ್ಡ್‌ಗಳು ಬೇಗ ಬೇಗ ಬದಲಾಗತೊಡಗಿದರು. ಎಷ್ಟೋ ಹಳ್ಳಿ ಪಬ್ಬುಗಳು ಮುಚ್ಚಿ, ಮನೆಗಳಾಗಿವೆ. ದಾರಿಯಲ್ಲಿ ಮಗಳು ಅಂಥದ್ದೊಂದನ್ನು ತೋರಿಸಿದಳು. ಬೋರ್ಡಿನ ಕಂಬ ಮಾತ್ರ ಉಳಿದಿತ್ತು.

ಇಲ್ಲಿ ಹಾಗಾಗಲಿಲ್ಲ. 1907ರಲ್ಲಿ ನ್ಯೂಮನ್ ಅನ್ನುವ ಕುಟುಂಬ ಕಿಂಡಿಯ ಹಿಂದೆ ನಿಂತಿತು. ಇವತ್ತಿಗೂ ಅವರೇ. ಎರಡು ಮಹಾಯುದ್ಧ ಕಳೆಯಿತು. ಮೊದಲನೆಯದರಲ್ಲಿ ಮದ್ದುಗುಂಡು ಮಾಡುವವರು ಕುಡಿದು ಮಲಗಬಾರದು ಅಂತ ಮಧ್ಯಾಹ್ನ ಪಬ್ ಮುಚ್ಚಿಸಿದರು. ಯುದ್ಧ ಮುಗಿದರೂ ಆ ನಿಯಮ 1988ರವರೆಗೆ ಹಾಗೇ ಇತ್ತು. ಸರ್ಕಾರಿ ಕಾಗದ ಅಂದಮೇಲೆ ಎಲ್ಲಾ ದೇಶದಲ್ಲೂ ಒಂದೇ ಕತೆ ನೋಡು!

ಎರಡನೆಯ ಯುದ್ಧದ ಕತೆ ಇನ್ನೂ ಚೆನ್ನ. 1940ರ ಮೇ ತಿಂಗಳಲ್ಲಿ ರೇಡಾರ್ ವಿಜ್ಞಾನಿಗಳ ತಂಡ ಈ ಹಳ್ಳಿಗೆ ಬಂದಿಳಿಯಿತು. ಬರ್ನಾರ್ಡ್ ಲೊವೆಲ್ ಕೂಡ ಇದ್ದರು, ಮುಂದೆ ಜಾಡ್ರೆಲ್ ಬ್ಯಾಂಕ್ ಅನ್ನುವ ಜಾಗದಲ್ಲಿ ಆಕಾಶ ನೋಡುವ ದೊಡ್ಡ ರೇಡಿಯೋ ದೂರದರ್ಶಕ ಕಟ್ಟಿಸಿದವರು. ಆಗಸ್ಟ್‌ನಲ್ಲಿ ಹೊಸ ರೇಡಾರ್ ಪರೀಕ್ಷೆ ಮಾಡಬೇಕಿತ್ತು. ಒಬ್ಬ ಹುಡುಗನ ಕೈಗೆ ತಗಡಿನ ಹಾಳೆ ಕೊಟ್ಟು, ಬಂಡೆಯಂಚಿನ ಹಾದಿಯಲ್ಲಿ ಸೈಕಲ್ ಹೊಡೆಸಿದರು. ತಗಡು ರೇಡಾರಿಗೆ ಕಂಡಿತು. ವಿಜ್ಞಾನಿಗಳು ಸಂಜೆ ಈ ಪಬ್ಬಿಗೇ ಬರುತ್ತಿದ್ದರು. ಕಿಂಡಿಯ ಹಿಂದಿನವರಿಗೆ ಏನೇನು ಕಿವಿಗೆ ಬಿತ್ತೋ! ಜರ್ಮನ್ನರು ದಾಳಿ ಮಾಡಿಯಾರು ಅನ್ನುವ ಭಯಕ್ಕೆ 1942ರ ಮೇ ತಿಂಗಳಲ್ಲಿ ಅವರೆಲ್ಲ ಒಳನಾಡಿನ ಮಾಲ್ವರ್ನ್‌ಗೆ ಗಂಟುಮೂಟೆ ಕಟ್ಟಿದರು.

ಪಬ್ಬಿನ ಒಂದು ಬದಿಯಲ್ಲಿ ಪುಟ್ಟ ಮ್ಯೂಸಿಯಂ ಇದೆ. ಈ ಕುಟುಂಬದವರು ಕೂಡಿಹಾಕಿದ ಪಳೆಯುಳಿಕೆಗಳು. ಸುರುಳಿ ಸುರುಳಿಯಾದ ಅಮೊನೈಟ್ ಕಲ್ಲು ನೋಡಿ ನಾನು ಕೈ ಮುಗಿಯಲು ಹೊರಟಿದ್ದೆ. ನಮ್ಮ ದೇವರಮನೆಯ ಸಾಲಿಗ್ರಾಮವೂ ಅದೇ ಜಾತಿಯ ಜೀವಿಯದು. ಬಿಯರ್ ಅಂಗಡಿಯಲ್ಲಿ ಸಾಲಿಗ್ರಾಮ, ನಮ್ಮಮ್ಮ ಇದ್ದಿದ್ದರೆ ನನ್ನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ಇನ್ನೊಂದು ಹೇಳದೆ ಬಿಡಲಾರೆ. ಪಬ್ಬಿನ ಹತ್ತಿರವೇ ಚರ್ಚು, ಅಲ್ಲಿ ಬೆಂಜಮಿನ್ ಜೆಸ್ಟಿ ಅನ್ನುವ ರೈತನ ಸಮಾಧಿ. ಸಿಡುಬಿನ ಲಸಿಕೆಗೆ ಹೆಸರಾದ ವೈದ್ಯ ಜೆನ್ನರ್‌ಗಿಂತ 22 ವರ್ಷ ಮೊದಲು, 1774ರಲ್ಲಿ, ಸಿಡುಬು ಬರದಿರಲಿ ಅಂತ ದನದ ಸಿಡುಬಿನ ಕೀವು ತೆಗೆದು ಹೆಂಡತಿಗೂ ಇಬ್ಬರು ಗಂಡು ಮಕ್ಕಳಿಗೂ ಚುಚ್ಚಿದವನು. ಊರವರು ಅವನನ್ನು ಹೀಯಾಳಿಸಿದರು. ಕೊನೆಗೆ 1805ರಲ್ಲಿ ಲಂಡನ್ನಿಗೆ ಕರೆದು ಗೌರವಿಸಿದರು. ಅದೇ ಹೊತ್ತಿಗೆ ನಮ್ಮ ಮೈಸೂರಿನ ಅರಮನೆಯ ರಾಣಿಯರ ಚಿತ್ರ ಬರೆದವನು ಥಾಮಸ್ ಹಿಕಿ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳು ಅಂತ ಇತಿಹಾಸಕಾರರೊಬ್ಬರು ಹೇಳಿದ್ದಾರೆ. ಆ ಸಮಾಧಿಯ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ಸರಿ, ನಿನ್ನ ಕಿಂಡಿ. ಬ್ರಿಟನ್ನಿನ ಒಳ್ಳೆಯ ಬಿಯರ್ ಪಬ್ಬುಗಳ ಪಟ್ಟಿ 1974ರಿಂದ ಪುಸ್ತಕವಾಗಿ ಬರುತ್ತಿದೆ. ಆವತ್ತಿನಿಂದ ಒಮ್ಮೆಯೂ ತಪ್ಪದೆ ಅದರಲ್ಲಿರುವ ಬೆರಳೆಣಿಕೆಯ ಪಬ್ಬುಗಳಲ್ಲಿ ಇದೂ ಒಂದು. ಅದು ಕಿಂಡಿಯಿಂದಲೇ ಅಂತ ನಾನು ಹೇಳಲಾರೆ. ಬಿಯರ್ ಚೆನ್ನಾಗಿಲ್ಲದಿದ್ದರೆ ಕಿಂಡಿ ಕಟ್ಟಿಕೊಂಡು ಏನು ಮಾಡೋದು? ನಿನ್ನ ಮಗನ ಮಾತಿನಲ್ಲೂ ಅರ್ಥವಿದೆ. ಹೊಗೆಯಲ್ಲಿ ದೋಸೆ ಹುಯ್ದು ಹುಯ್ದು ನಿನ್ನ ಕಣ್ಣು ಏನಾಗಿದೆ ನನಗೆ ಗೊತ್ತು. ಹೊಗೆ ಹೋಗಲು ದಾರಿ ಮಾಡಿಸಿಬಿಡು. ಪಾತ್ರೆ ತೊಳೆಯುವ ಜಾಗವನ್ನೂ ಸರಿ ಮಾಡಿಸು. ಗ್ರಾನೈಟು ಬೇಕಾದರೆ ಅಲ್ಲಿ ಹಾಕಿಸು. ಕಿಂಡಿ ಮಾತ್ರ ನಾನು ಬರುವವರೆಗೆ ಇಟ್ಟಿರು, ಸೆಪ್ಟೆಂಬರ್ ಅಷ್ಟೇ.

ಮತ್ತೆ, ನಿಮ್ಮಜ್ಜ ಹೋಟೆಲ್ ಶುರು ಮಾಡಿದ್ದು ಯಾವ ವರ್ಷ? ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪ್ಪನಿಗೆ ಬೆಳಗ್ಗೆ ಹೊತ್ತು ನೆನಪು ಚೆನ್ನಾಗಿರುತ್ತದೆ ಅಂದಿದ್ದೆಯಲ್ಲ. ಕಾಫಿ ಕೊಡುವಾಗ ಕೇಳು, ಅವರು ಹೇಳಿದ ಹಾಗೇ ಬರೆದು ಕಳಿಸು.

ಇಂತಿ ನಿನ್ನ,
ಇನ್ನೂ ಬಾಕಿ ತೀರಿಸದ ಗೆಳೆಯ